ಕೋಣನಕುಂಟೆಯಿಂದ ಒಂದು ಪ್ರಸ್ತಾವನೆ: ಸರ್ಕಾರಿ ಸಂಶೋಧನಾ ಅನುದಾನದ ನಿಯಮಗಳು, ನಿರೀಕ್ಷೆಗಳು

ದಕ್ಷಿಣ ಬೆಂಗಳೂರಿನವರ ಬಾಯಲ್ಲಿ ದಿನವೂ ಓಡಾಡುವ ಎರಡು ಹೆಸರುಗಳು ರೇಷ್ಮೆಗೆ ಸೇರಿದವು. ಒಂದು, ಬಿಟಿಎಂ ಲೇಔಟ್ ಅಂಚಿನ ಸಿಲ್ಕ್ ಬೋರ್ಡ್ ಜಂಕ್ಷನ್. ಇನ್ನೊಂದು, ಮೆಟ್ರೊ ಹಸಿರು ಮಾರ್ಗದ ದಕ್ಷಿಣದ ಕೊನೆಯ ನಿಲ್ದಾಣ ಸಿಲ್ಕ್ ಇನ್‌ಸ್ಟಿಟ್ಯೂಟ್. 2021ರ ಜನವರಿಯಲ್ಲಿ ಮಾರ್ಗ ಅಲ್ಲಿಯವರೆಗೆ ವಿಸ್ತರಿಸಿದ ಮೇಲೆ ಕೋಣನಕುಂಟೆ ಕ್ರಾಸ್‌ನಲ್ಲಿ ರೈಲು ಹತ್ತಿದವರಿಗೆ ಅದು ನಾಲ್ಕನೆಯ ನಿಲ್ದಾಣ. ಮೊದಲ ಹೆಸರು 1948ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿಯದು; ಎರಡನೆಯದರ ಹಿಂದೆ ಇರುವುದು ತಲಘಟ್ಟಪುರದ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ. ಎರಡೂ ಜನರ ತೆರಿಗೆ ಹಣದಲ್ಲಿ ಸಂಶೋಧನೆ ನಡೆಸುವ ಜಾಗಗಳು. ಆ ಹಣ ಸಂಶೋಧಕರ ಕೈಗೆ ಹೇಗೆ ಬರುತ್ತದೆ, ಯಾವ ಕಟ್ಟಳೆಗಳ ಮೇಲೆ ಬರುತ್ತದೆ ಎಂಬುದು ಮಾತ್ರ ನಮ್ಮ ಕಾಲೇಜುಗಳ ಸ್ಟಾಫ್ ರೂಮುಗಳಲ್ಲೂ ಪೂರ್ತಿ ಗೊತ್ತಿರುವುದಿಲ್ಲ.

ಕೋಣನಕುಂಟೆಯ ಹೆಸರಲ್ಲೇ ನೀರಿದೆ. ಕುಂಟೆ ಎಂದರೆ ಕೆರೆಗಿಂತ ಚಿಕ್ಕದು, ಮಳೆನೀರು ನಿಂತು ದನಕರುಗಳಿಗೆ ಆಸರೆಯಾಗುತ್ತಿದ್ದ ತಗ್ಗು. ಹಳ್ಳಿಯಾಗಿದ್ದ ಈ ಊರಿನ ಮೇಲೆ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಬರುವ ಕಾವೇರಿಯ ದೊಡ್ಡ ಕೊಳವೆಗಳು ಇದೇ ಕನಕಪುರ ರಸ್ತೆಯಲ್ಲಿ ಹಾದುಹೋಗುತ್ತವೆ. ಆದರೂ ಆಸುಪಾಸಿನ ಎಷ್ಟೋ ಮನೆಗಳು ಬೋರ್‌ವೆಲ್ಲನ್ನೂ ಟ್ಯಾಂಕರನ್ನೂ ನಂಬಿಕೊಂಡಿವೆ. ಈ ರಸ್ತೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ರಸಾಯನಶಾಸ್ತ್ರದ ಅಧ್ಯಾಪಕಿಯೊಬ್ಬರನ್ನು ಊಹಿಸಿಕೊಳ್ಳೋಣ. ಕುಂಟೆ, ಕೆರೆಗಳು ಮುಚ್ಚಿಹೋದ ಕಡೆಯ ಬೋರ್‌ವೆಲ್ ನೀರಿಗೂ ಅವು ಉಳಿದಿರುವ ಕಡೆಯ ನೀರಿಗೂ ನೈಟ್ರೇಟ್ ಅಂಶದಲ್ಲಿ ವ್ಯತ್ಯಾಸವಿದೆಯೇ ಎಂಬುದು ಅವರ ಪ್ರಶ್ನೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಪ್ರಶ್ನೆ ಒಳ್ಳೆಯದು, ಜನರಿಗೆ ಬೇಕಾದದ್ದು. ಮಾದರಿ ಸಂಗ್ರಹಕ್ಕೆ, ರಾಸಾಯನಿಕಗಳಿಗೆ, ಜೊತೆಗೆ ಕೆಲಸ ಮಾಡುವ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಹಣ ಬೇಕು. ಈ ಲೇಖನ ಅವರ ಅರ್ಜಿಯ ಜೊತೆಜೊತೆಗೇ ನಡೆಯುತ್ತದೆ.

ದೆಹಲಿಯ ಬಾಗಿಲುಗಳು

ದೇಶ ಸಂಶೋಧನೆಗೆ ಒಟ್ಟು ಖರ್ಚು ಮಾಡುವುದು ಕಡಿಮೆ. 2020–21ರಲ್ಲಿ ಅದು ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿ) ಶೇ 0.64ರಷ್ಟಿತ್ತು. ಇರುವ ಅನುದಾನಕ್ಕೆ ಸ್ಪರ್ಧೆ ಬಿಗಿಯಾಗಿರುವುದಕ್ಕೆ ಇದೂ ಒಂದು ಕಾರಣ.

ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನೆಗೆ ಈಗ ಮುಖ್ಯ ಬಾಗಿಲು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್. 2023ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ 2024ರ ಫೆಬ್ರುವರಿ 5ರಂದು ಜಾರಿಗೆ ಬಂತು. 2008ರ ಕಾಯ್ದೆಯಿಂದ ಬಂದಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಎಸ್‌ಇಆರ್‌ಬಿ, ಅದರೊಳಗೆ ಸೇರಿಹೋಯಿತು. ಎಎನ್‌ಆರ್‌ಎಫ್‌ನ ಆಡಳಿತ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. 2023ರಿಂದ 28ರವರೆಗಿನ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ ಘೋಷಿಸಿದರು. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ, ಉಳಿದದ್ದು ಉದ್ಯಮ, ದಾನಿಗಳು ಮುಂತಾದ ಮೂಲಗಳಿಂದ ಬರಬೇಕು ಎಂಬುದು ಲೆಕ್ಕ.

ಉಳಿದ ಬಾಗಿಲುಗಳು ವಿಷಯಕ್ಕೆ ತಕ್ಕಂತೆ ಬೇರೆಬೇರೆ. ಜೀವಶಾಸ್ತ್ರಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆ, ಆರೋಗ್ಯಕ್ಕೆ ಐಸಿಎಂಆರ್, ಸಮಾಜ ವಿಜ್ಞಾನಕ್ಕೆ 1969ರಲ್ಲಿ ಆರಂಭವಾದ ಐಸಿಎಸ್‌ಎಸ್‌ಆರ್, ನೀರಿನ ವಿಷಯಕ್ಕೆ ಜಲಶಕ್ತಿ ಸಚಿವಾಲಯದ ಸಂಶೋಧನಾ ಕಾರ್ಯಕ್ರಮ. ನಮ್ಮ ಅಧ್ಯಾಪಕಿಯ ಪ್ರಶ್ನೆ ರಸಾಯನಶಾಸ್ತ್ರದ್ದೋ, ಭೂಜಲದ್ದೋ, ಸಾರ್ವಜನಿಕ ಆರೋಗ್ಯದ್ದೋ ಎಂಬುದನ್ನು ಅವರೇ ಮೊದಲು ತೀರ್ಮಾನಿಸಬೇಕು. ಒಂದೇ ಪ್ರಸ್ತಾವನೆಯನ್ನು ಮೂರು ಕಡೆ ಒಟ್ಟಿಗೆ ಕಳಿಸಿ ಕಾದು ಕೂರುವ ಅಭ್ಯಾಸ ಕೆಲವರಲ್ಲಿದೆ, ಅದು ತಪ್ಪು. ಬೇರೆಡೆ ಸಲ್ಲಿಸಿದ್ದರೆ, ಮಂಜೂರಾಗಿದ್ದರೆ ಅದನ್ನು ಬರೆದುಕೊಡಬೇಕು ಎಂದು ಅರ್ಜಿಯ ನಮೂನೆಯಲ್ಲೇ ಕೇಳುತ್ತಾರೆ. ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ಮಂಜೂರಾತಿಯೇ ರದ್ದಾಗಬಹುದು.

ಮನೆಯ ಹತ್ತಿರದ ಬಾಗಿಲುಗಳು

ದೆಹಲಿಗೆ ಮುಂಚೆ ಹತ್ತಿರ ನೋಡುವುದು ಒಳ್ಳೆಯದು. ಕರ್ನಾಟಕ ಸರ್ಕಾರ 2009ರಲ್ಲಿ ರಚಿಸಿದ ವಿಜ್ಞಾನ ಮತ್ತು ತಂತ್ರಜ್ಞಾನ ದಾರ್ಶನಿಕ ಸಮಿತಿಗೆ, ವಿಜಿಎಸ್‌ಟಿ ಎಂದೇ ಎಲ್ಲರೂ ಕರೆಯುವ ಸಂಸ್ಥೆಗೆ, ಪ್ರೊ. ಸಿ.ಎನ್.ಆರ್. ರಾವ್ ಅಧ್ಯಕ್ಷರಾಗಿದ್ದರು. ಕಾಲೇಜುಗಳ ಪ್ರಯೋಗಾಲಯ ಬಲಪಡಿಸಲು ಕೆ-ಫಿಸ್ಟ್, ಹೊಸಬರಿಗೆ ಬೀಜಧನ ಕೊಡುವ ಎಸ್‌ಎಂವೈಎಸ್‌ಆರ್, ಅಧ್ಯಾಪಕರಿಗೆ ಸಂಶೋಧನಾ ಅನುದಾನ ಹೀಗೆ ಅದರಲ್ಲಿ ಹಲವು ಯೋಜನೆಗಳು ರೂಪುಗೊಂಡವು. ಇವುಗಳ ಹೆಚ್ಚುಗಾರಿಕೆಯೆಂದರೆ ಪೈಪೋಟಿ ರಾಜ್ಯದ ಒಳಗೇ ನಡೆಯುತ್ತದೆ. ಹಾಸನದ ಕಾಲೇಜು ಮುಂಬಯಿಯ ಐಐಟಿಯ ಎದುರು ನಿಲ್ಲಬೇಕಿಲ್ಲ.

1975ರಲ್ಲಿ ಆರಂಭವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕೆಲಸ ಮಾಡುತ್ತಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಕೆಎಸ್‌ಸಿಎಸ್‌ಟಿ, ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ನಡೆಸುತ್ತಿದೆ. ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಗೈಡ್ ಮೂಲಕ ಅರ್ಜಿ ಹಾಕುತ್ತಾರೆ. ಹಣ ಚಿಕ್ಕದು. ಆದರೆ ಅಂದಾಜು ಪಟ್ಟಿ ಹಾಕುವುದು, ಬಿಲ್ ಜೋಪಾನ ಮಾಡುವುದು, ಪರೀಕ್ಷಕರ ಮುಂದೆ ನಿಂತು ಸಮರ್ಥಿಸುವುದು ಎಲ್ಲವನ್ನೂ ಇಪ್ಪತ್ತೊಂದನೆಯ ವಯಸ್ಸಿಗೇ ಕಲಿಸುವ ಶಾಲೆ ಇದು. ನನ್ನ ಅಭಿಪ್ರಾಯದಲ್ಲಿ ರಾಜ್ಯದ ಅತ್ಯಂತ ಉಪಯುಕ್ತ ಅನುದಾನ ಇದೇ. ಬೋರ್‌ವೆಲ್ ನೀರಿನ ಪ್ರಶ್ನೆಯನ್ನೂ ಮೊದಲು ಹತ್ತು ಬಾವಿಗಳ ಮಟ್ಟದಲ್ಲಿ ಇಲ್ಲಿ ಪರೀಕ್ಷಿಸಿ ನೋಡಿ, ಆ ಫಲಿತಾಂಶವನ್ನು ದೊಡ್ಡ ಪ್ರಸ್ತಾವನೆಗೆ ಆಧಾರವಾಗಿ ಬಳಸಬಹುದು.

ಪಿಎಚ್‌ಡಿ ವಿದ್ಯಾರ್ಥಿಗಳಿಗೆ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಉತ್ತೇಜನ ಸೊಸೈಟಿಯಾದ ಕೆಸ್ಟೆಪ್ಸ್ ಮೂಲಕ ರಾಜ್ಯದ ಫೆಲೋಶಿಪ್ ಇದೆ. ವೈದ್ಯಕೀಯ, ದಂತ, ನರ್ಸಿಂಗ್ ಕಾಲೇಜಿನವರಿಗೆ ಜಯನಗರ 4ನೇ ಟಿ ಬ್ಲಾಕ್‌ನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಸಂಯೋಜಿತ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನಾ ಹಣ ಕೊಡುತ್ತದೆ. ಎಂಬಿಬಿಎಸ್ ಓದುತ್ತಿರುವವರು ಐಸಿಎಂಆರ್‌ನ ಎರಡು ತಿಂಗಳ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನೆಗೆ ಅರ್ಜಿ ಹಾಕಬಹುದು.

ಯಾರು ಅರ್ಹರು, ಯಾರು ಹೊರಗುಳಿಯುತ್ತಾರೆ

ಅರ್ಜಿ ಹಾಕುವವರು ವ್ಯಕ್ತಿ. ಆದರೆ ಹಣ ಪಡೆಯುವುದು ಸಂಸ್ಥೆ. ಈ ಒಂದು ಮಾತು ತಿಳಿದರೆ ಅರ್ಧ ನಿಯಮಗಳು ತಾವಾಗಿ ಅರ್ಥವಾಗುತ್ತವೆ. ಅಧ್ಯಾಪಕಿ ಪ್ರಧಾನ ಸಂಶೋಧಕಿ, ಅಂದರೆ ಪಿಐ. ಹಣಕ್ಕೆ, ಉಪಕರಣಕ್ಕೆ, ಲೆಕ್ಕಕ್ಕೆ ಹೊಣೆ ಕಾಲೇಜಿನದು. ಅದಕ್ಕೇ ಪ್ರಾಂಶುಪಾಲರ ಸಹಿ, ಮೊಹರು ಇರುವ ಸಮರ್ಥನಾ ಪತ್ರ ಕಡ್ಡಾಯ. ಜಾಗ, ವಿದ್ಯುತ್, ಪ್ರಯೋಗಾಲಯ ಕೊಡುತ್ತೇವೆ, ಪಿಐ ಕೆಲಸ ಬಿಟ್ಟರೂ ಯೋಜನೆಯನ್ನು ನೋಡಿಕೊಳ್ಳುತ್ತೇವೆ ಎಂಬ ಒಪ್ಪಂದ ಆ ಪತ್ರದೊಳಗಿದೆ.

ಸಾಮಾನ್ಯವಾಗಿ ಪಿಐಗೆ ಪಿಎಚ್‌ಡಿ ಅಥವಾ ಎಂಡಿ, ಎಂಎಸ್‌ನಂಥ ಪದವಿ ಇರಬೇಕು. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಕಾಯಂ ಹುದ್ದೆ ಇರಬೇಕು. ಯೋಜನೆ ಮುಗಿಯುವಷ್ಟು ಸೇವಾವಧಿ ಉಳಿದಿರಬೇಕು. ಎಎನ್‌ಆರ್‌ಎಫ್‌ನ ಪ್ರಧಾನ ಮಂತ್ರಿ ಆರಂಭಿಕ ವೃತ್ತಿ ಸಂಶೋಧನಾ ಅನುದಾನಕ್ಕೆ 42 ವರ್ಷದ ಮಿತಿ ಇದೆ, ಮೀಸಲು ವರ್ಗಗಳಿಗೂ ಮಹಿಳೆಯರಿಗೂ ಸಡಿಲಿಕೆಯಿದೆ, ಒಬ್ಬರಿಗೆ ಒಮ್ಮೆ ಮಾತ್ರ ಸಿಗುತ್ತದೆ. ಗಣಿತದವರಿಗೆ ಎಸ್‌ಇಆರ್‌ಬಿ ಕಾಲದಿಂದ ಬಂದ ಮ್ಯಾಟ್ರಿಕ್ಸ್ ಯೋಜನೆ ಉಪಕರಣವನ್ನೇ ಕೇಳದೆ ವರ್ಷಕ್ಕೆ 2 ಲಕ್ಷ ರೂಪಾಯಿಯಂತೆ ಮೂರು ವರ್ಷ ಕೊಡುವಂಥದ್ದು. ಸಂಸ್ಥೆಗೂ ಪರೀಕ್ಷೆಯಿದೆ: 1956ರ ಯುಜಿಸಿ ಕಾಯ್ದೆಯ 2(ಎಫ್), 12(ಬಿ) ಮಾನ್ಯತೆಯನ್ನು ಕೆಲವು ಯೋಜನೆಗಳು ಕೇಳುತ್ತವೆ, ಟ್ರಸ್ಟ್, ಸೊಸೈಟಿಗಳು ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕಾಗುತ್ತದೆ.

ಕಾಯಂ ಹುದ್ದೆ ಎಂಬ ಷರತ್ತಿನ ಬಳಿ ಸ್ವಲ್ಪ ನಿಲ್ಲಬೇಕು. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠ ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. ಅವರಲ್ಲಿ ಪಿಎಚ್‌ಡಿ ಮಾಡಿದವರು, ನೆಟ್, ಕೆ-ಸೆಟ್ ಪಾಸಾದವರು ತುಂಬ ಮಂದಿ. ಸಾರ್ವಜನಿಕ ಹಣಕ್ಕೆ ಬಾಳಿಕೆ ಬರುವ ಹೊಣೆಗಾರರು ಬೇಕೆಂಬ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ಹತ್ತು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಹೇಳಿದವರನ್ನು ತಾತ್ಕಾಲಿಕರು ಎಂದು ಬಾಗಿಲಲ್ಲೇ ತಡೆಯುವುದು ಅನ್ಯಾಯ. ಅವರಿಗೆ ಉಳಿಯುವ ದಾರಿಗಳು ಕಿರಿದು. 35 ವರ್ಷದೊಳಗಿದ್ದರೆ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಇದೆ. ವೃತ್ತಿಯಲ್ಲಿ ಬಿಡುವು ಬಿದ್ದ ಮಹಿಳೆಯರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಗಳಿವೆ. ಮದುವೆ, ಹೆರಿಗೆ, ಮಕ್ಕಳು ಎಂದು ಪ್ರಯೋಗಾಲಯದಿಂದ ದೂರವಾದವರನ್ನು ನೆನೆದು ಮಾಡಿದವು ಅವು. ಜಯನಗರ, ಬನಶಂಕರಿಯ ಮನೆಗಳಲ್ಲಿ ಅಂಥ ಎಂಎಸ್‌ಸಿ, ಪಿಎಚ್‌ಡಿಗಳು ಎಷ್ಟಿದ್ದಾರೆ! ಯಾರಾದರೂ ಗೊತ್ತಿದ್ದರೆ ಅವರಿಗೆ ಈ ಮಾತು ತಲುಪಿಸಿ.

ದೊಡ್ಡ ಸಂಸ್ಥೆಗಳು ಸಣ್ಣವುಗಳ ಕೈಹಿಡಿಯುವ ಎಎನ್‌ಆರ್‌ಎಫ್‌ನ ಪೇರ್ ಯೋಜನೆ ಒಳ್ಳೆಯ ಕಲ್ಪನೆ. ಮೊದಲ ಹಂತದಲ್ಲಿ ಅದು ಸಾರ್ವಜನಿಕ ವಿಶ್ವವಿದ್ಯಾಲಯಗಳನ್ನು ಮತ್ತು ಆಯ್ದ ಎನ್‌ಐಟಿ, ಐಐಐಟಿಗಳನ್ನು ಉದ್ದೇಶಿಸಿತ್ತು. ಕನಕಪುರ ರಸ್ತೆಯ ಖಾಸಗಿ ಕಾಲೇಜಿಗೆ ಅದರಿಂದ ನೇರ ಲಾಭವಿಲ್ಲ.

ಕರೆ ಓದುವ ಬಗೆ

ಇಲಾಖೆ ಪ್ರಕಟಿಸುವ ಆಹ್ವಾನವನ್ನು ಎಲ್ಲರೂ ಕಾಲ್ ಎನ್ನುತ್ತಾರೆ. ಕೆಲವು ಕಾಲ್‌ಗಳು ವರ್ಷಕ್ಕೊಮ್ಮೆ, ಕೆಲವು ಒಂದು ವಿಷಯಕ್ಕೆ ಮಾತ್ರ. ಅರ್ಹತೆ, ಗರಿಷ್ಠ ಮೊತ್ತ, ಪುಟಗಳ ಮಿತಿ, ಬೇಕಾದ ಲಗತ್ತುಗಳು, ಕೊನೆಯ ದಿನ ಇವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಪೋರ್ಟಲ್‌ನಲ್ಲಿ ನೋಂದಣಿ ಮೊದಲೇ ಮಾಡಿಕೊಳ್ಳಬೇಕು. ಕೊನೆಯ ಸಂಜೆ ಪೋರ್ಟಲ್ ನಿಧಾನವಾಗುತ್ತದೆ, ಪ್ರಾಂಶುಪಾಲರು ಊರಲ್ಲಿರುವುದಿಲ್ಲ, ಸಹಿ ಇಲ್ಲದ ಪತ್ರ ಅಪ್‌ಲೋಡ್ ಆಗುತ್ತದೆ. ಹೀಗೆ ವಿಜ್ಞಾನದ ಪರೀಕ್ಷೆಗೆ ಹೋಗುವ ಮೊದಲೇ ಕಾಗದಪತ್ರದ ಹಂತದಲ್ಲಿ ಬಿದ್ದ ಪ್ರಸ್ತಾವನೆಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ಕಾಲೇಜಿನಲ್ಲಿ ಎಂಟು ತಿಂಗಳು ದುಡಿದು ಬರೆದ ಪ್ರಸ್ತಾವನೆಯೊಂದು ಹಳೆಯ ನಮೂನೆಯ ಸಮರ್ಥನಾ ಪತ್ರ ಲಗತ್ತಿಸಿದ್ದಕ್ಕೆ ವಾಪಸಾಯಿತು. ಬರೆದವರು ಆ ವರ್ಷ ಮತ್ತೆ ಪ್ರಯತ್ನಿಸಲೇ ಇಲ್ಲ.

ಪ್ರಸ್ತಾವನೆಯ ಒಡಲು

ಹೆಚ್ಚಿನ ನಮೂನೆಗಳಲ್ಲಿ ಸಾರಾಂಶ, ಹಿನ್ನೆಲೆ, ಉದ್ದೇಶಗಳು, ವಿಧಾನ, ಕಾಲಪಟ್ಟಿ, ನಿರೀಕ್ಷಿತ ಫಲ, ಬಜೆಟ್, ಸಂಶೋಧಕರ ವಿವರ ಇರುತ್ತವೆ. ಓದುವವರು ಆ ವಿಷಯದ ಪಂಡಿತರೇ ಆಗಿರಬೇಕೆಂದಿಲ್ಲ. ಪಕ್ಕದ ವಿಷಯದವರಿರಬಹುದು, ಒಂದೇ ವಾರದಲ್ಲಿ ಹತ್ತಾರು ಪ್ರಸ್ತಾವನೆ ಓದುತ್ತಿರಬಹುದು. ಮೊದಲ ಅರ್ಧ ಪುಟದಲ್ಲಿ ಪ್ರಶ್ನೆ ಏನು, ಅದು ಈವರೆಗೆ ಯಾಕೆ ಉತ್ತರವಿಲ್ಲದೆ ಉಳಿದಿದೆ, ನೀವು ಅದನ್ನು ಹೇಗೆ ಬಿಡಿಸುತ್ತೀರಿ ಎಂಬುದು ಸಿಗಬೇಕು.

ನಮ್ಮ ಅಧ್ಯಾಪಕಿಯ ಮೊದಲ ಕರಡಿನಲ್ಲಿ ಉದ್ದೇಶ ಹೀಗಿತ್ತು ಎನ್ನಿ: ಬೆಂಗಳೂರು ದಕ್ಷಿಣದ ಅಂತರ್ಜಲದ ಗುಣಮಟ್ಟವನ್ನು ಸಮಗ್ರವಾಗಿ ಅಧ್ಯಯನ ಮಾಡುವುದು. ಇದು ಬೀಳುವ ವಾಕ್ಯ. ಎಷ್ಟು ಬಾವಿ, ಎಷ್ಟು ವರ್ಷ, ಏನನ್ನು ಅಳೆಯುವುದು, ಯಾವಾಗ ಮುಗಿಯಿತು ಎಂದು ತಿಳಿಯುವುದು ಹೇಗೆ? ತಿದ್ದಿದ ಮೇಲೆ ಹೀಗಾಯಿತು: ಕೋಣನಕುಂಟೆ, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ಸುತ್ತಿನ 60 ಬೋರ್‌ವೆಲ್‌ಗಳ ನೀರನ್ನು ಮುಂಗಾರಿಗೆ ಮೊದಲು, ಹಿಂಗಾರಿನ ನಂತರ ಹೀಗೆ ವರ್ಷಕ್ಕೆ ಎರಡು ಸಲದಂತೆ ಎರಡು ವರ್ಷ ಅಳೆಯುವುದು, ಹಳೆಯ ಸರ್ವೆ ನಕ್ಷೆಗಳಲ್ಲಿ ಕುಂಟೆ, ಕೆರೆ ಎಂದು ಗುರುತಾಗಿ ಈಗ ಮುಚ್ಚಿರುವ ಜಾಗಗಳ ಸುತ್ತಲಿನ ಬಾವಿಗಳನ್ನು, ನೀರು ಉಳಿದಿರುವ ಕೆರೆಗಳ ಸುತ್ತಲಿನ ಬಾವಿಗಳೊಡನೆ ಹೋಲಿಸುವುದು. ಈಗ ಪರಿಶೀಲಕರಿಗೆ ಹಿಡಿದು ಪ್ರಶ್ನಿಸಲು ಏನೋ ಸಿಕ್ಕಿತು. ಹಾಗೆ ಸಿಗುವುದೇ ಪ್ರಸ್ತಾವನೆಯ ಬಲ. ಆಳ ಬೇರೆಬೇರೆ ಇರುವ ಬಾವಿಗಳನ್ನು ಹೇಗೆ ಹೋಲಿಸುತ್ತೀರಿ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಯನ್ನು ಮೊದಲೇ ಊಹಿಸಿ ವಿಧಾನದ ಭಾಗದಲ್ಲಿ ಉತ್ತರಿಸಬೇಕು. ನೈಟ್ರೇಟು ಒಳಚರಂಡಿಯಿಂದ ಬಂತೋ ಹಳೆಯ ಹೊಲದ ಗೊಬ್ಬರದಿಂದ ಬಂತೋ ಎಂದೂ ಕೇಳುತ್ತಾರೆ. ಗೊತ್ತು ಮಾಡಲು ಆಗದಿದ್ದರೆ ಆಗುವುದಿಲ್ಲ ಎಂದು ಬರೆಯುವುದೇ ಸರಿ. ತನ್ನ ಅಧ್ಯಯನದ ಎಲ್ಲೆಯನ್ನು ತಾನೇ ಗೆರೆ ಎಳೆದು ತೋರಿಸಿದವರನ್ನು ಪರಿಶೀಲಕರು ನಂಬುತ್ತಾರೆ.

ಹಿನ್ನೆಲೆ ಬರೆಯುವಾಗ ವಿದೇಶಿ ಪ್ರಬಂಧಗಳ ಪಟ್ಟಿ ಬೆಳೆಸುವುದಕ್ಕಿಂತ ಹತ್ತಿರದ ದತ್ತಾಂಶ ಹುಡುಕಿ. ಕೇಂದ್ರೀಯ ಅಂತರ್ಜಲ ಮಂಡಳಿಯ ಪ್ರಾದೇಶಿಕ ಕಚೇರಿ ಎಚ್‌ಎಸ್‌ಆರ್ ಲೇಔಟ್‌ನಲ್ಲೇ ಇದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯ, ಮಾಲಿನ್ಯ ನಿಯಂತ್ರಣ ಮಂಡಳಿಗಳ ವರದಿಗಳೂ ಇವೆ. ಅವುಗಳನ್ನು ಓದದೆ ಈ ಭಾಗದಲ್ಲಿ ಯಾರೂ ಅಧ್ಯಯನ ಮಾಡಿಲ್ಲ ಎಂದು ಬರೆದವರನ್ನು ತಿಳಿದವರು ಒಂದೇ ಗೆರೆಯಲ್ಲಿ ತಳ್ಳಿಹಾಕುತ್ತಾರೆ. ಜರ್ನಲ್ ಓದುವುದೂ ಸುಲಭವಲ್ಲ. 2025ರ ಜನವರಿಯಿಂದ ಜಾರಿಗೆ ಬಂದ ಒಂದು ದೇಶ ಒಂದು ಚಂದಾ ಯೋಜನೆ ಸುಮಾರು 13,000 ಜರ್ನಲ್‌ಗಳನ್ನು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯಲ್ಲಿ ತೆರೆದಿಟ್ಟಿತು. ಮೊದಲ ಹಂತದಲ್ಲಿ ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಾಲೇಜಿನ ಅಧ್ಯಾಪಕರು ಇನ್ನೂ ಸ್ನೇಹಿತರಿಗೆ ಮೆಸೇಜ್ ಮಾಡಿ ಪ್ರಬಂಧ ತರಿಸಿಕೊಳ್ಳುತ್ತಿದ್ದಾರೆ. ಇದು ಬೇಗ ಸರಿಯಾಗಬೇಕು.

ನಕಲು ಮಾಡಿದ ಸಾಲುಗಳು ಈಗ ತಂತ್ರಾಂಶದಲ್ಲಿ ಕ್ಷಣಾರ್ಧದಲ್ಲಿ ಸಿಕ್ಕಿಬೀಳುತ್ತವೆ. ಪ್ರಬಂಧ, ಥೀಸಿಸ್‌ಗಳಿಗೆ ಯುಜಿಸಿಯ 2018ರ ನಿಯಮಾವಳಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದು ಬಿಟ್ಟಿದೆ. ಅದನ್ನು ಪ್ರಸ್ತಾವನೆಗೂ ಸಿಕ್ಕ ರಿಯಾಯಿತಿ ಎಂದು ತಿಳಿಯಬೇಡಿ. ತನ್ನದೇ ಹಳೆಯ ಪ್ರಸ್ತಾವನೆಯನ್ನು ಹೆಸರು ಬದಲಿಸಿ ಕಳಿಸುವುದೂ ನಕಲೇ.

ಬಜೆಟ್: ಎಲ್ಲರೂ ಹಿಂದಿನಿಂದ ಓದುವ ಪುಟ

ಬಜೆಟ್ ಎರಡು ಭಾಗ. ಉಪಕರಣದಂಥ ಒಮ್ಮೆಯ ವೆಚ್ಚ ಒಂದು. ಸಿಬ್ಬಂದಿ, ರಾಸಾಯನಿಕ, ಪ್ರಯಾಣ, ಚಿಲ್ಲರೆ ವೆಚ್ಚ ಎಂಬ ಮರುಕಳಿಸುವ ಭಾಗ ಇನ್ನೊಂದು. ಇವುಗಳ ಮೇಲೆ ಸಂಸ್ಥೆಗೆ ಓವರ್‌ಹೆಡ್, ಅಂದರೆ ನಿರ್ವಹಣಾ ವೆಚ್ಚದ ಪಾಲು. ಅಧ್ಯಾಪಕಿಗೆ ಸಂಬಳವಾಗಲಿ ಗೌರವಧನವಾಗಲಿ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಮನೆಯವರಿಗೆ, ಸಹೋದ್ಯೋಗಿಗಳಿಗೆ ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಐವತ್ತು ಲಕ್ಷ ಬಂತಂತೆ ಎಂಬ ಸುದ್ದಿ ಓಣಿಯಲ್ಲಿ ಬೇಗ ಹಬ್ಬುತ್ತದೆ.

ಸಂಶೋಧನಾ ವಿದ್ಯಾರ್ಥಿಯ ಫೆಲೋಶಿಪ್‌ಗೆ ಕೇಂದ್ರದ ದರವಿದೆ. 2023ರ ಜನವರಿ 1ರಿಂದ ಅನ್ವಯವಾಗುವಂತೆ ಕಿರಿಯ ಸಂಶೋಧನಾ ಫೆಲೋಗೆ (ಜೆಆರ್‌ಎಫ್) ತಿಂಗಳಿಗೆ 37,000, ಹಿರಿಯ ಸಂಶೋಧನಾ ಫೆಲೋಗೆ (ಎಸ್‌ಆರ್‌ಎಫ್) 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಬೆಂಗಳೂರು ಎಕ್ಸ್ ವರ್ಗದ ನಗರವಾದ್ದರಿಂದ ಭತ್ಯೆಗೆ ಮೇಲಿನ ದರವೇ ಲೆಕ್ಕ. ಜೆಆರ್‌ಎಫ್ ದರ ಬೇಕಾದರೆ ಅಭ್ಯರ್ಥಿಗೆ ನೆಟ್ ಅಥವಾ ಗೇಟ್ ಅರ್ಹತೆ ಇರಬೇಕು. ಈ ದರಕ್ಕಿಂತ ಕಡಿಮೆ ತೋರಿಸಿ ಹುಡುಗರನ್ನು ದುಡಿಸುವ ಯೋಚನೆ ಬೇಡ.

ಅಧ್ಯಾಪಕಿಗೆ ಅಯಾನ್ ಕ್ರೊಮ್ಯಾಟೊಗ್ರಾಫ್ ಬೇಕೆನಿಸಬಹುದು. ಪರಿಶೀಲಕರ ಮೊದಲ ಪ್ರಶ್ನೆ: ಇದು ಹತ್ತಿರದಲ್ಲಿ ಎಲ್ಲೂ ಇಲ್ಲವೇ? ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಡೆಯುವ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಸಾರ್ವಜನಿಕ ಸಂಸ್ಥೆಗಳ ಉಪಕರಣಗಳ ಪಟ್ಟಿ ಇದೆ, ಸಮಯ ಕಾದಿರಿಸಿ ಬಳಸಬಹುದು. 240 ಮಾದರಿಗಳಿಗೆ ಪರೀಕ್ಷಾ ಶುಲ್ಕ ಕೊಟ್ಟರೆ ಆಗುವ ಕೆಲಸಕ್ಕೆ ದೊಡ್ಡ ಯಂತ್ರ ಕೇಳಿದರೆ ಪ್ರಸ್ತಾವನೆ ಉಪಕರಣಕ್ಕಾಗಿ ಬರೆದದ್ದು ಎಂಬ ಅನುಮಾನ ಬರುತ್ತದೆ. ಒಂದು ಸ್ಪೆಕ್ಟ್ರೊಫೊಟೊಮೀಟರ್, ಮಾದರಿ ಇಡಲು ಫ್ರಿಜ್, ಶುಲ್ಕಕ್ಕೆ ಹಣ ಎಂದರೆ ಲೆಕ್ಕ ಕೂಡುತ್ತದೆ. ಉಪಕರಣಕ್ಕೆ ಈಚಿನ ಕೊಟೇಶನ್ ಲಗತ್ತಿಸಬೇಕು. ಪ್ರತಿ ಸಾಲಿಗೂ ಯಾಕೆ ಎಂಬ ಒಂದು ವಾಕ್ಯ ಬರೆಯಬೇಕು. ಬೋರ್‌ವೆಲ್‌ನಿಂದ ಬೋರ್‌ವೆಲ್‌ಗೆ ಬೈಕಿನಲ್ಲಿ ಸುತ್ತುವ ಪೆಟ್ರೋಲ್ ಖರ್ಚು ಬಿಟ್ಟುಬಿಡುವವರು ತುಂಬ; ಆಮೇಲೆ ಅದು ವಿದ್ಯಾರ್ಥಿಯ ಜೇಬಿನಿಂದ ಹೋಗುತ್ತದೆ.

ಅನುಮತಿಗಳು

ಮನೆಮನೆಗೆ ಹೋಗಿ ನೀರಿನ ಬಳಕೆ, ಕಾಯಿಲೆಯ ಬಗ್ಗೆ ಕೇಳಿದರೆ ಅದು ಮನುಷ್ಯರನ್ನು ಒಳಗೊಂಡ ಅಧ್ಯಯನ. ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಒಪ್ಪಿಗೆ ಪತ್ರ ಉತ್ತರಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕೋಣನಕುಂಟೆಯಲ್ಲಿ ಅದು ಕನ್ನಡ, ಜೊತೆಗೆ ತಮಿಳು, ತೆಲುಗು, ಹಿಂದಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಸಮಿತಿ ಹೆಚ್ಚಾಗಿ ಇರುವುದಿಲ್ಲ. ಆಗ ನೆರೆಯ ವೈದ್ಯಕೀಯ ಕಾಲೇಜಿನ ಸಮಿತಿಯೊಡನೆ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು.

ತುರಹಳ್ಳಿ ಕಾಡಿನೊಳಗಿನಿಂದ ಮಣ್ಣು, ಗಿಡ ತರುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆರೆಗೆ ಅದನ್ನು ನೋಡಿಕೊಳ್ಳುವ ಪ್ರಾಧಿಕಾರದ್ದು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ, ತಳಿ ಮಾರ್ಪಾಡಿಗೆ ಬೇರೆ ಸಮಿತಿಗಳಿವೆ. ಜೀವ ಸಂಪನ್ಮೂಲವನ್ನು ವಿದೇಶಕ್ಕೆ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ.

ಪರಿಶೀಲನೆ, ತಿರಸ್ಕಾರ

ಕಾಗದಪತ್ರ ಸರಿ ಇದ್ದರೆ ಪ್ರಸ್ತಾವನೆ ಹೊರಗಿನ ಪರಿಶೀಲಕರಿಗೆ, ಬಳಿಕ ತಜ್ಞರ ಸಮಿತಿಗೆ ಹೋಗುತ್ತದೆ. ಕೆಲವು ಯೋಜನೆಗಳಲ್ಲಿ ಪಿಐಯನ್ನು ಕರೆದು ಹತ್ತು ಹದಿನೈದು ನಿಮಿಷ ಮಾತಾಡಿಸುತ್ತಾರೆ. ಹೊಸತನವಿದೆಯೇ, ಆಗುವ ಕೆಲಸವೇ, ಇವರು ಮಾಡಬಲ್ಲರೇ, ಕೇಳಿದ ಹಣ ಸರಿಯೇ ಎಂಬುದನ್ನು ತೂಗುತ್ತಾರೆ. ತಿಂಗಳುಗಟ್ಟಲೆ ಕಾಯಬೇಕು. ಬೇಡವೆಂದು ಬಂದರೆ ಟಿಪ್ಪಣಿಯನ್ನು ಒಂದು ವಾರ ಮುಚ್ಚಿಟ್ಟು ಆಮೇಲೆ ಓದಿ. ಪರಿಶೀಲಕರು ತಪ್ಪು ಅರ್ಥ ಮಾಡಿಕೊಂಡರೆಂದು ಅನಿಸುವ ಜಾಗದಲ್ಲಿ ಹೆಚ್ಚಿನ ಸಲ ನಮ್ಮ ವಾಕ್ಯವೇ ಮಂಕಾಗಿರುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಪ್ರಸ್ತಾವನೆ ಹೊರಡುವ ಮುನ್ನ ನಾಲ್ಕು ಸಹೋದ್ಯೋಗಿಗಳು ಓದುತ್ತಾರೆ. ನಮ್ಮ ಕಾಲೇಜುಗಳಲ್ಲಿ ಆ ಪದ್ಧತಿ ಇಲ್ಲ. ಅದಕ್ಕೆ ಹಣ ಬೇಕಿಲ್ಲ. ಒಂದು ಶನಿವಾರ ಮಧ್ಯಾಹ್ನ ಸಾಕು.

ಮಂಜೂರಾದ ಮೇಲೆ

ಮಂಜೂರಾತಿ ಆದೇಶ ಬಂದ ದಿನ ಸಿಹಿ ಹಂಚುತ್ತಾರೆ. ನಿಜವಾದ ನಿಯಮಗಳು ಅಲ್ಲಿಂದ ಆರಂಭ.

ಕೇಂದ್ರದ ಹಣಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು, ಜಿಎಫ್‌ಆರ್, ಅನ್ವಯಿಸುತ್ತವೆ. ಪ್ರತಿ ಆರ್ಥಿಕ ವರ್ಷದ ಕೊನೆಗೆ 12-ಎ ನಮೂನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಯುಸಿ, ಅದರ ಜೊತೆ ಖರ್ಚಿನ ಪಟ್ಟಿ ಕೊಡಬೇಕು. ಯುಸಿ ಹೋಗದೆ ಮುಂದಿನ ಕಂತು ಬರುವುದಿಲ್ಲ. ಕಂತು ತಡವಾಯಿತೆಂದು ಹುಡುಗರಿಗೆ ನಾಲ್ಕೈದು ತಿಂಗಳು ಫೆಲೋಶಿಪ್ ನಿಂತುಹೋಗುವುದುಂಟು. ಅದರಲ್ಲಿ ಇಲಾಖೆಯ ವಿಳಂಬವೂ ಇದೆ, ಕಾಲೇಜಿನ ಲೆಕ್ಕಪತ್ರ ವಿಭಾಗದ ವಿಳಂಬವೂ ಇದೆ. ಬಾಡಿಗೆ ಕಟ್ಟಬೇಕಾದ ಹುಡುಗಿಗೆ ಎರಡೂ ಒಂದೇ.

ಅನುದಾನದ ಮೇಲೆ ಬಂದ ಬಡ್ಡಿ ನಮ್ಮದಲ್ಲ, ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆಯಾದ ಪಿಎಫ್‌ಎಂಎಸ್ ಮೂಲಕ ಹಣದ ಚಲನವಲನ ದೆಹಲಿಯಲ್ಲೇ ಕಾಣುತ್ತದೆ. ಒಂದು ತಲೆಬರಹದ ಹಣ ಇನ್ನೊಂದಕ್ಕೆ ಬಳಸಲು ಮೊದಲೇ ಒಪ್ಪಿಗೆ ಬೇಕು. ಖರೀದಿಗೆ ಮೊತ್ತಕ್ಕೆ ತಕ್ಕ ಹಂತಗಳಿವೆ: ಚಿಕ್ಕದಕ್ಕೆ ನೇರ, ನಂತರ ಖರೀದಿ ಸಮಿತಿ, ಆಮೇಲೆ ಟೆಂಡರ್. ವಿಜ್ಞಾನ ಸಂಸ್ಥೆಗಳಿಗೆ 2025ರ ಜೂನ್‌ನಲ್ಲಿ ಈ ಮಿತಿಗಳನ್ನು ಏರಿಸಿ ನೇರ ಖರೀದಿಯನ್ನು 2 ಲಕ್ಷಕ್ಕೆ, ಸಮಿತಿಯ ಖರೀದಿಯನ್ನು 25 ಲಕ್ಷಕ್ಕೆ ತಂದದ್ದು ಬಹುಕಾಲದ ಕೂಗಿಗೆ ಸಿಕ್ಕ ಉತ್ತರ. ರಾಜ್ಯದ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿ ಇರುವ 1999ರ ಕೆಟಿಪಿಪಿ ಕಾಯ್ದೆಯನ್ನೂ ನೋಡಿಕೊಳ್ಳಬೇಕು. ಕೊಂಡ ಉಪಕರಣ ಸ್ಟಾಕ್ ರಿಜಿಸ್ಟರಿಗೆ ಏರಬೇಕು, ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಲೆಕ್ಕಗಳನ್ನು ಮಹಾಲೇಖಪಾಲರು ಪರಿಶೀಲಿಸಬಹುದು. ಯಾವ ಯೋಜನೆಗೆ ಎಷ್ಟು ಹಣ ಹೋಯಿತೆಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೋಣನಕುಂಟೆಯ ಯಾವ ನಿವಾಸಿಯೂ ಕೇಳಬಹುದು.

ಫಲ ಯಾರಿಗೆ

ಯೋಜನೆಯಿಂದ ಪೇಟೆಂಟ್ ಬಂದರೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2000ದ ಸೂಚನೆಯಂತೆ, ಹಕ್ಕು ಸಾಮಾನ್ಯವಾಗಿ ಸಂಸ್ಥೆಯದು. ಪ್ರಬಂಧ ಪ್ರಕಟಿಸಿದಾಗ ಅನುದಾನ ಕೊಟ್ಟ ಸಂಸ್ಥೆಯ ಹೆಸರು, ಮಂಜೂರಾತಿ ಸಂಖ್ಯೆ ಕಾಣಿಸಬೇಕು. 2014ರ ಮುಕ್ತ ಪ್ರವೇಶ ನೀತಿಯ ಪ್ರಕಾರ ಈ ಇಲಾಖೆ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ ಹಣದಲ್ಲಿ ಬಂದ ಪ್ರಬಂಧದ ಪ್ರತಿಯನ್ನು ಎಲ್ಲರೂ ಓದುವ ಭಂಡಾರದಲ್ಲಿ ಇಡಬೇಕು. 2022ರ ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆಯ ಮಾರ್ಗಸೂಚಿ, ಸಂಶೋಧಕರು ಶಾಲೆಗಳಿಗೆ, ಸಮುದಾಯಗಳಿಗೆ ತಮ್ಮ ತಿಳಿವಳಿಕೆ ಮುಟ್ಟಿಸಬೇಕೆಂದು ಹೇಳುತ್ತದೆ. ಬಹಳ ಅರ್ಜಿಗಳಲ್ಲಿ ಈ ಭಾಗಕ್ಕೆ ಎರಡು ಸಾಲು ಬರೆದು ಮುಗಿಸುತ್ತಾರೆ. ನಾನಾದರೆ ಇದಕ್ಕೆ ಅರ್ಧ ಪುಟ ಕೊಡುತ್ತೇನೆ, ಬಜೆಟ್‌ನಲ್ಲಿ ಮುದ್ರಣಕ್ಕೆ ಹಣವನ್ನೂ ಕೇಳುತ್ತೇನೆ.

ಅಧ್ಯಾಪಕಿಯ ಅರ್ಜಿಯಲ್ಲಿ ಆ ಭಾಗ ಹೀಗಿದೆ. ಮೂರನೆಯ ವರ್ಷ ಪರೀಕ್ಷಿಸಿದ 60 ಬೋರ್‌ವೆಲ್‌ಗಳ ಮಾಲೀಕರಿಗೆ ಅವರವರ ನೀರಿನ ಫಲಿತಾಂಶ ಕನ್ನಡದಲ್ಲಿ ಒಂದು ಹಾಳೆಯಾಗಿ ತಲುಪುತ್ತದೆ: ನೈಟ್ರೇಟ್ ಎಷ್ಟಿದೆ, 45 ದಾಟಿದ್ದರೆ ಹಸುಗೂಸಿಗೆ ಆ ನೀರು ಯಾಕೆ ಕೊಡಬಾರದು, ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ ಎಂಬ ಎಚ್ಚರಿಕೆ. ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತಂದು ತಾವೇ ಪರೀಕ್ಷಿಸಿ ನೋಡುವ ಒಂದು ದಿನ. ಹಾಳೆಯ ಕೆಳಗೆ ಪ್ರಬಂಧದಲ್ಲಿ ಬರೆಯುವಂತೆಯೇ ಒಂದು ಸಾಲು: ಈ ಪರೀಕ್ಷೆ ನಡೆದದ್ದು ಸಾರ್ವಜನಿಕ ಅನುದಾನದಿಂದ, ಮಂಜೂರಾತಿ ಸಂಖ್ಯೆ ಇಂಥದ್ದು.